ಕ್ರೆಡಿಟ್ ಕಾರ್ಡ್‌ನಲ್ಲಿ ಬಿಲ್ ಕಟ್ಟಿದರೆ ಶೇ 2 ಹೆಚ್ಚು ಏಕೆ? ವ್ಯಾಪಾರದ ಇನ್‌ವಾಯ್ಸ್ ಮತ್ತು ಸರ್‌ಚಾರ್ಜ್‌ನ ಲೆಕ್ಕ

ತುಮಕೂರಿನ ಮಂಡಿಪೇಟೆಯ ಸಗಟು ಅಂಗಡಿಗಳಲ್ಲಿ, ಬಿ.ಎಚ್. ರಸ್ತೆಯ ಎಲೆಕ್ಟ್ರಿಕಲ್ ಮತ್ತು ಹಾರ್ಡ್‌ವೇರ್ ಮಳಿಗೆಗಳಲ್ಲಿ, ಅಂತರಸನಹಳ್ಳಿಯ ಸಣ್ಣ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವವರ ಕೌಂಟರುಗಳಲ್ಲಿ ಈಗ ಒಂದು ಮಾತು ಮಾಮೂಲಾಗಿದೆ: "ಕ್ರೆಡಿಟ್ ಕಾರ್ಡ್ ಆದರೆ ಟೂ ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಸಾರ್." ಮನೆಗೆ ಮಿಕ್ಸಿ ಕೊಳ್ಳುವವರಿಗೆ ಇದು ಐವತ್ತು ಅರವತ್ತು ರೂಪಾಯಿಯ ವಿಷಯ. ಲಕ್ಷಗಟ್ಟಲೆ ಮೊತ್ತದ ಇನ್‌ವಾಯ್ಸ್ ಹಿಡಿದು ನಿಂತ ಗುತ್ತಿಗೆದಾರರಿಗೆ ಅಥವಾ ಗುಬ್ಬಿ, ಶಿರಾ ಕಡೆಯಿಂದ ಬಂದ ಚಿಲ್ಲರೆ ವ್ಯಾಪಾರಿಗೆ ಅದೇ ಶೇ 2 ಸಾವಿರಾರು ರೂಪಾಯಿಯಾಗುತ್ತದೆ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವ್ಯಾಪಾರದ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲವಾದ್ದರಿಂದ, ನೋಟಿನ ಕಟ್ಟು ಎಣಿಸಿಕೊಡುವ ಹಳೆಯ ದಾರಿಗೆ ಮರಳುವುದೂ ಸುಲಭವಲ್ಲ. ಹಾಗಾಗಿ ಈ ಶೇ 2 ಎಲ್ಲಿಂದ ಹುಟ್ಟುತ್ತದೆ, ಯಾರ ಕೈ ಸೇರುತ್ತದೆ, ಅದನ್ನು ಕೇಳುವ ಹಕ್ಕು ಅಂಗಡಿಯವರಿಗೆ ಇದೆಯೇ, ಕೊಡುವುದು ಲಾಭವೇ ಎಂಬುದನ್ನು ಬುಡದಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಸ್ವೈಪ್ ಮಾಡಿದ ಹಣ ಎಲ್ಲೆಲ್ಲಿ ಹಾದು ಹೋಗುತ್ತದೆ

ಕಾರ್ಡ್ ವ್ಯವಹಾರದಲ್ಲಿ ಕೊಳ್ಳುವವರು ಮತ್ತು ಮಾರುವವರ ನಡುವೆ ಮೂವರು ಇರುತ್ತಾರೆ. ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕ್ ಮೊದಲನೆಯದು. ಅಂಗಡಿಗೆ ಸ್ವೈಪ್ ಮಷಿನ್ ಕೊಟ್ಟು, ಅಂಗಡಿಯವರ ಖಾತೆಗೆ ಹಣ ಜಮೆ ಮಾಡುವ ಬ್ಯಾಂಕ್ ಎರಡನೆಯದು. ಈ ಎರಡು ಬ್ಯಾಂಕುಗಳ ನಡುವೆ ಸಂದೇಶ ಸಾಗಿಸಿ ಲೆಕ್ಕ ಚುಕ್ತಾ ಮಾಡಿಸುವ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮುಂತಾದ ಜಾಲ ಮೂರನೆಯದು. ತಿಪಟೂರಿನ ಮಾರುಕಟ್ಟೆಗೆ ಬಂದ ಕೊಬ್ಬರಿ ಚೀಲ ಗಾಡಿಯಿಂದ ಇಳಿದು ಕೊಳ್ಳುವವರ ಗೋದಾಮು ಸೇರುವಷ್ಟರಲ್ಲಿ ಎತ್ತಿಳಿಸಿದವರು, ತೂಕ ಹಾಕಿದವರು, ವ್ಯಾಪಾರ ಕುದುರಿಸಿದವರು ತಂತಮ್ಮ ಕೆಲಸದ ಪಾಲು ಪಡೆಯುವಂತೆ, ಇಲ್ಲಿಯೂ ಮೂವರೂ ಒಂದಿಷ್ಟು ಪಾಲು ತೆಗೆದುಕೊಳ್ಳುತ್ತಾರೆ. ಮೂವರ ಪಾಲನ್ನೂ ಸೇರಿಸಿ ಅಂಗಡಿಯವರಿಗೆ ಬರಬೇಕಾದ ಹಣದಲ್ಲಿ ಮುರಿದುಕೊಳ್ಳುವ ಮೊತ್ತಕ್ಕೆ ಮರ್ಚೆಂಟ್ ಡಿಸ್ಕೌಂಟ್ ರೇಟ್, ಚಿಕ್ಕದಾಗಿ ಎಂಡಿಆರ್, ಎಂದು ಹೆಸರು.

ಕ್ರೆಡಿಟ್ ಕಾರ್ಡ್‌ನ ಎಂಡಿಆರ್‌ನಲ್ಲಿ ದೊಡ್ಡ ಪಾಲು ಹೋಗುವುದು ಕಾರ್ಡ್ ಕೊಟ್ಟ ಬ್ಯಾಂಕಿಗೆ. ಅದಕ್ಕೆ ಕಾರಣವಿದೆ. ಆ ಬ್ಯಾಂಕ್ ಅಂಗಡಿಯವರಿಗೆ ಒಂದೆರಡು ದಿನದಲ್ಲಿ ಹಣ ಮುಟ್ಟಿಸಿ, ನಿಮ್ಮಿಂದ ಅದನ್ನು ವಾರಗಳ ನಂತರ ಬಡ್ಡಿಯಿಲ್ಲದೆ ವಾಪಸ್ ಪಡೆಯುತ್ತದೆ, ನೀವು ಕಟ್ಟದೇ ಹೋದರೆ ಅದರ ನಷ್ಟವನ್ನೂ ಹೊರುತ್ತದೆ, ಮೇಲಾಗಿ ರಿವಾರ್ಡ್ ಪಾಯಿಂಟ್ ಕೊಡುತ್ತದೆ. ಡೆಬಿಟ್ ಕಾರ್ಡ್‌ನಲ್ಲಿ ಖಾತೆಯಲ್ಲಿರುವ ನಿಮ್ಮದೇ ಹಣ ಹೋಗುವುದರಿಂದ ಈ ಖರ್ಚು ಇರುವುದಿಲ್ಲ. ಒಂದೇ ಮಷಿನ್, ಒಂದೇ ಅಂಗಡಿಯಾದರೂ ಎರಡು ಕಾರ್ಡುಗಳಿಗೆ ಎರಡು ದರ ಇರುವುದರ ಮೂಲ ಇದೇ.

ಡೆಬಿಟ್ ಕಾರ್ಡ್‌ನ ಎಂಡಿಆರ್‌ಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. 2018ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ, ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಅಂಗಡಿಯವರಿಂದ ಸ್ವೈಪ್‌ಗೆ ಶೇ 0.40ಕ್ಕಿಂತ, ಉಳಿದವರಿಂದ ಶೇ 0.90ಕ್ಕಿಂತ ಹೆಚ್ಚು ಮುರಿಯುವಂತಿಲ್ಲ. ಒಂದು ವ್ಯವಹಾರಕ್ಕೆ ಕ್ರಮವಾಗಿ 200 ಮತ್ತು 1,000 ರೂಪಾಯಿಯ ಮೇಲ್ಮಿತಿಯೂ ಇದೆ. 2020ರ ಜನವರಿಯಿಂದ ರುಪೇ ಡೆಬಿಟ್ ಕಾರ್ಡ್ ಮತ್ತು ಯುಪಿಐಗೆ ಎಂಡಿಆರ್ ಸೊನ್ನೆಯಾಯಿತು. ಕ್ರೆಡಿಟ್ ಕಾರ್ಡ್‌ಗೆ ಮಾತ್ರ ಇಂಥ ಮಿತಿ ಇಲ್ಲ. ದರ ಎಷ್ಟು ಎಂಬುದು ಬ್ಯಾಂಕ್ ಮತ್ತು ಅಂಗಡಿಯವರ ನಡುವಿನ ಮಾತುಕತೆಗೆ ಬಿಟ್ಟ ವಿಷಯವಾಗಿದ್ದು, ವಹಿವಾಟು ದೊಡ್ಡದಿದ್ದವರಿಗೆ ಕಡಿಮೆ ದರ ಸಿಗುತ್ತದೆ, ಊರಿನ ಸಣ್ಣ ಅಂಗಡಿಗೆ ಹೆಚ್ಚು ಬೀಳುತ್ತದೆ.

ಒಂದು ಬಿಲ್ಲನ್ನು ಹತ್ತಿರದಿಂದ ನೋಡೋಣ

ಒಬ್ಬ ಗುತ್ತಿಗೆದಾರರು 1,00,000 ರೂಪಾಯಿಯ ಕೇಬಲ್ ಮತ್ತು ಸ್ವಿಚ್‌ಗೇರ್ ಕೊಂಡರು ಎಂದಿಟ್ಟುಕೊಳ್ಳಿ. ಶೇ 18 ಜಿಎಸ್‌ಟಿ ಸೇರಿ ಇನ್‌ವಾಯ್ಸ್ 1,18,000 ರೂಪಾಯಿ. ಅಂಗಡಿಯವರ ಎಂಡಿಆರ್ ಶೇ 2 ಆಗಿದ್ದರೆ, ಕಾರ್ಡ್ ಉಜ್ಜಿದ ಪೂರ್ತಿ ಮೊತ್ತದ ಮೇಲೆ 2,360 ರೂಪಾಯಿ ಮುರಿಯುತ್ತದೆ. ಆ ಸೇವಾ ಶುಲ್ಕಕ್ಕೂ ಶೇ 18 ಜಿಎಸ್‌ಟಿ ಉಂಟು, ಅದು 424 ರೂಪಾಯಿ 80 ಪೈಸೆ. ಕಡೆಗೆ ಅಂಗಡಿಯವರ ಖಾತೆಗೆ ಬರುವುದು 1,15,215 ರೂಪಾಯಿ 20 ಪೈಸೆ.

ಇಲ್ಲಿ ಗ್ರಾಹಕರ ಕಣ್ಣಿಗೆ ಬೀಳದ ಒಂದು ಸಂಗತಿ ಇದೆ. 1,18,000 ರೂಪಾಯಿಯಲ್ಲಿ 18,000 ರೂಪಾಯಿ ಸರ್ಕಾರಕ್ಕೆ ಸಲ್ಲಬೇಕಾದ ತೆರಿಗೆ, ಅಂಗಡಿಯವರ ಆದಾಯವಲ್ಲ. ಆದರೂ ಎಂಡಿಆರ್ ಆ ಹಣದ ಮೇಲೂ ಬೀಳುತ್ತದೆ. 2,360ರಲ್ಲಿ 360 ರೂಪಾಯಿ ಬರೀ ತೆರಿಗೆಯ ಹಣವನ್ನು ಸಾಗಿಸಿದ್ದಕ್ಕೆ ಕೊಟ್ಟದ್ದು. ಸಗಟು ವ್ಯಾಪಾರದಲ್ಲಿ ಲಾಭದ ಅಂಚು ತೆಳು. ಈ ಸರಕಿನ ಮೇಲೆ ಅಂಗಡಿಯವರಿಗೆ ಶೇ 5, ಅಂದರೆ 5,000 ರೂಪಾಯಿ, ಉಳಿಯುವುದಿದ್ದರೆ ಅದರಲ್ಲಿ ಹತ್ತಿರ ಹತ್ತಿರ ಅರ್ಧ ಕಾರ್ಡ್‌ಗೇ ಹೋಯಿತು. ಎಂಡಿಆರ್ ಮೇಲಿನ ಜಿಎಸ್‌ಟಿಯನ್ನು ನೋಂದಾಯಿತ ವ್ಯಾಪಾರಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ, ಅಂದರೆ ತಾನು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ಹೊಂದಿಸಿಕೊಳ್ಳಬಹುದು, ಎಂಡಿಆರ್ ಮಾತ್ರ ಹಿಂದಿರುಗುವುದಿಲ್ಲ. ಕೌಂಟರಿನಲ್ಲಿ ಕೂತವರು ಶೇ 2 ಕೇಳುವುದು ದುರಾಸೆಯಿಂದಲೇ ಎಂದು ತೀರ್ಮಾನಿಸುವ ಮುನ್ನ ಈ ಲೆಕ್ಕವನ್ನು ನೋಡಬೇಕು.

ಹೆಚ್ಚುವರಿ ಹಣವೆಲ್ಲ ಒಂದೇ ಬಗೆಯದಲ್ಲ

ಕಾರ್ಡ್‌ನಲ್ಲಿ ಕಟ್ಟುವಾಗ ಮೂರು ಬೇರೆ ಬೇರೆ ಶುಲ್ಕಗಳು ಎದುರಾಗುತ್ತವೆ, ಮೂರನ್ನೂ ಜನ "ಕಾರ್ಡ್ ಚಾರ್ಜು" ಎಂದೇ ಕರೆಯುವುದರಿಂದ ಗೊಂದಲ ಹುಟ್ಟುತ್ತದೆ. ಅಂಗಡಿಯವರು ತಮ್ಮ ಎಂಡಿಆರ್ ಖರ್ಚನ್ನು ತುಂಬಿಕೊಳ್ಳಲು ಬಿಲ್ಲಿನ ಮೇಲೆ ಸೇರಿಸುವುದು ಸರ್‌ಚಾರ್ಜ್. ಆನ್‌ಲೈನ್‌ನಲ್ಲಿ ಟಿಕೆಟ್ ಕಾಯ್ದಿರಿಸುವಾಗ ಆ ಸೌಲಭ್ಯ ಒದಗಿಸಿದ್ದಕ್ಕೆಂದು ವಸೂಲಿ ಮಾಡುವುದು ಕನ್ವೀನಿಯನ್ಸ್ ಫೀ. ಮೂರನೆಯದು ನಿಮ್ಮ ಕಾರ್ಡ್‌ನ ಬ್ಯಾಂಕೇ ಕೆಲವು ಬಗೆಯ ಪಾವತಿಗಳ ಮೇಲೆ ಹಾಕುವ ಶುಲ್ಕ. ಪೆಟ್ರೋಲ್ ಬಂಕಿನ ಸರ್‌ಚಾರ್ಜ್ ಎಲ್ಲರಿಗೂ ಗೊತ್ತಿರುವಂಥದ್ದು, 2022ರಿಂದೀಚೆಗೆ ಹಲವು ಬ್ಯಾಂಕುಗಳು ಬಾಡಿಗೆ ಪಾವತಿಯ ಮೇಲೆ ಶೇ 1ರಷ್ಟು ಶುಲ್ಕ ಹಾಕಲು ಆರಂಭಿಸಿದವು. ಈ ಕೊನೆಯ ಬಗೆಯದು ಅಂಗಡಿಯ ಬಿಲ್ಲಿನಲ್ಲಿ ಕಾಣದೆ, ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಮಾತ್ರ ಕಾಣುತ್ತದೆ. ಆದ್ದರಿಂದ ಹಣ ಕಟ್ಟಾದಾಗ ಅದು ಯಾವ ಕಾಗದದಲ್ಲಿ ಬಂದಿದೆ ಎಂದು ಮೊದಲು ನೋಡಿದರೆ, ಕೇಳಬೇಕಾದದ್ದು ಅಂಗಡಿಯವರನ್ನೋ ಬ್ಯಾಂಕಿನವರನ್ನೋ ಎಂಬುದು ಅಲ್ಲೇ ತಿಳಿಯುತ್ತದೆ.

ನಿಯಮ ಏನು ಹೇಳುತ್ತದೆ

ಡೆಬಿಟ್ ಕಾರ್ಡ್‌ನ ಮಟ್ಟಿಗೆ ಉತ್ತರ ಖಚಿತ. ಅಂಗಡಿಯವರು ಡೆಬಿಟ್ ಕಾರ್ಡ್ ಪಾವತಿಗೆ ಪ್ರತ್ಯೇಕ ಶುಲ್ಕ ಪಡೆಯುವುದು ಸಮರ್ಥನೀಯವಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿತು, 2017ರ ಡಿಸೆಂಬರ್‌ನ ಸುತ್ತೋಲೆಯಲ್ಲಿ ಎಂಡಿಆರ್ ಹೊರೆಯನ್ನು ಗ್ರಾಹಕರ ಮೇಲೆ ದಾಟಿಸದಂತೆ ನೋಡಿಕೊಳ್ಳುವ ಹೊಣೆಯನ್ನು ಬ್ಯಾಂಕುಗಳಿಗೆ ವಹಿಸಿತು. ಬ್ಯಾಂಕ್ ಖಾತೆಯಿಂದ ನೇರವಾಗಿ ಹೋಗುವ ಯುಪಿಐಗೆ ಎಂಡಿಆರ್ ಇಲ್ಲವೇ ಇಲ್ಲದಿರುವಾಗ, ಅದಕ್ಕೂ ಶೇ 1 ಅಥವಾ 2 ಸೇರಿಸಿ ಕೇಳಲು ಯಾವ ಆಧಾರವೂ ಇಲ್ಲ.

ಕ್ರೆಡಿಟ್ ಕಾರ್ಡ್‌ನ ವಿಷಯ ಇಷ್ಟು ಸರಳವಾಗಿಲ್ಲ. ಇಲ್ಲಿ ಮುಖ್ಯವಾಗುವುದು ಸ್ವೈಪ್ ಮಷಿನ್ ಪಡೆಯುವಾಗ ಅಂಗಡಿಯವರು ಬ್ಯಾಂಕಿನೊಂದಿಗೆ ಮಾಡಿಕೊಂಡ ಒಪ್ಪಂದ. ಕಾರ್ಡ್‌ನಲ್ಲಿ ಕಟ್ಟುವವರಿಂದ ಬೇರೆಯವರಿಗಿಂತ ಹೆಚ್ಚು ಬೆಲೆ ಪಡೆಯಬಾರದು ಎಂಬ ಷರತ್ತು ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅಂಗಡಿಯವರು ಅದನ್ನು ಮೀರಿದರೆ ಅದು ಒಪ್ಪಂದದ ಉಲ್ಲಂಘನೆಯಾಗುತ್ತದೆ, ಮಷಿನ್ ಹಿಂಪಡೆಯುವವರೆಗೂ ಬ್ಯಾಂಕ್ ಹೋಗಬಹುದು. ಆದರೆ ಒಪ್ಪಂದದ ಪುಟಗಳನ್ನು ಓದಿದ ವ್ಯಾಪಾರಿಗಳು ಕಡಿಮೆ, ಅದನ್ನು ಕೇಳಿ ನೋಡಿದ ಗ್ರಾಹಕರಂತೂ ಇನ್ನೂ ಕಡಿಮೆ. ಹೀಗಾಗಿ ಕಾಗದದ ಮೇಲೆ ಒಂದು, ಕೌಂಟರಿನಲ್ಲಿ ಇನ್ನೊಂದು ಎಂಬ ಸ್ಥಿತಿ ಮುಂದುವರಿದಿದೆ.

ಬೇರೆ ದೇಶಗಳು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಬ್ರಿಟನ್ 2018ರ ಜನವರಿ 13ರಿಂದ ಗ್ರಾಹಕರ ಸ್ವಂತ ಕಾರ್ಡುಗಳ ಮೇಲಿನ ಸರ್‌ಚಾರ್ಜ್ ನಿಷೇಧಿಸಿತು, ಆದರೆ ವ್ಯಾಪಾರಕ್ಕೆಂದೇ ಕೊಟ್ಟ ಕಾರ್ಡುಗಳನ್ನು ಆ ನಿಷೇಧದಿಂದ ಹೊರಗಿಟ್ಟು, ನಿಜವಾದ ಖರ್ಚಿಗಿಂತ ಹೆಚ್ಚು ಪಡೆಯಬಾರದು ಎಂದಷ್ಟೇ ಹೇಳಿತು. ಆಸ್ಟ್ರೇಲಿಯಾ 2016ರಲ್ಲಿ ತಂದ ನಿಯಮವೂ ನಿಜವಾದ ಖರ್ಚನ್ನೇ ಮಿತಿಯಾಗಿ ಇಟ್ಟಿತು. ವ್ಯಾಪಾರ ವ್ಯಾಪಾರದ ನಡುವಿನ ಪಾವತಿ ಗ್ರಾಹಕರ ಪಾವತಿಗಿಂತ ಬೇರೆ ಎಂಬ ತಿಳುವಳಿಕೆ ಬ್ರಿಟನ್ನಿನ ನಿಯಮದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಸರ್‌ಚಾರ್ಜ್ ಬಿಲ್ಲಿನ ಒಳಗೆ ಬರಬೇಕು

ಈ ಲೇಖನದಲ್ಲಿ ಓದುಗರು ಒಂದೇ ವಿಷಯವನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಿರಲಿ ಎಂಬುದು ನನ್ನ ಅಪೇಕ್ಷೆ. ಸರಕಿನ ಮಾರಾಟಕ್ಕೆ ಸಂಬಂಧಿಸಿ ಮಾರುವವರು ವಸೂಲಿ ಮಾಡುವ ಆನುಷಂಗಿಕ ಖರ್ಚುಗಳೂ ಸರಕಿನ ಮೌಲ್ಯದಲ್ಲೇ ಸೇರುತ್ತವೆ ಎಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಕಾರ್ಡ್‌ಗೆಂದು ಪಡೆದ ಹೆಚ್ಚುವರಿ ಹಣವೂ ಆ ಸಾಲಿಗೇ ಬರುವುದರಿಂದ, ಅದು ಇನ್‌ವಾಯ್ಸ್‌ನಲ್ಲಿ ಕಾಣಬೇಕು ಮತ್ತು ಅದರ ಮೇಲೂ ಜಿಎಸ್‌ಟಿ ಸಲ್ಲಬೇಕು.

ಮೇಲಿನ ಉದಾಹರಣೆಯಲ್ಲಿ 2,360 ರೂಪಾಯಿ ಸರ್‌ಚಾರ್ಜ್ ಅನ್ನು ಬಿಲ್ಲಿಗೆ ಸೇರಿಸಿದರೆ ಅದರ ಮೇಲೆ ಇನ್ನೂ 424 ರೂಪಾಯಿ 80 ಪೈಸೆ ಜಿಎಸ್‌ಟಿ ಬಂದು, ಒಟ್ಟು 1,20,784 ರೂಪಾಯಿ 80 ಪೈಸೆಯಾಗುತ್ತದೆ. ಕೊಂಡವರು ಜಿಎಸ್‌ಟಿ ನೋಂದಾಯಿತರಾಗಿದ್ದು ತೆರಿಗೆ ಕ್ರೆಡಿಟ್ ಪಡೆಯಲು ಅರ್ಹರಾಗಿದ್ದರೆ ಆ 424 ರೂಪಾಯಿಯನ್ನು ಹೊಂದಿಸಿಕೊಳ್ಳಬಹುದು, 2,360 ರೂಪಾಯಿಯನ್ನು ಖರ್ಚಿನಲ್ಲಿ ತೋರಿಸಬಹುದು.

ನಡೆಯುವುದು ಹೆಚ್ಚಾಗಿ ಹೀಗಲ್ಲ. ಇನ್‌ವಾಯ್ಸ್ 1,18,000 ರೂಪಾಯಿಗೇ ಇರುತ್ತದೆ, ಮಷಿನ್ನಿನಲ್ಲಿ ಒತ್ತುವುದು 1,20,360 ರೂಪಾಯಿ. ಬಿಲ್ಲಿಗೂ ಮಷಿನ್ನಿನಿಂದ ಬಂದ ಚಾರ್ಜ್ ಸ್ಲಿಪ್ಪಿಗೂ ತಾಳೆಯಾಗದ ಈ 2,360 ರೂಪಾಯಿ ಎರಡೂ ಕಡೆಯವರಿಗೆ ತೊಂದರೆ. ಕೊಂಡವರ ಬಳಿ ಅದು ಏಕೆ ಹೋಯಿತೆಂಬುದಕ್ಕೆ ದಾಖಲೆ ಇಲ್ಲ, ತೆರಿಗೆ ಕ್ರೆಡಿಟ್ ಇಲ್ಲ, ವರ್ಷಾಂತ್ಯದಲ್ಲಿ ಆಡಿಟರ್ ಕೇಳಿದಾಗ ಬಾಯಿಮಾತಿನ ವಿವರಣೆಯೇ ಗತಿ. ಮಾರಿದವರ ಖಾತೆಯಲ್ಲಿ ಬಿಲ್ಲಿಗಿಂತ ಹೆಚ್ಚಿನ ಜಮೆ ಉಳಿಯುತ್ತದೆ, ತೆರಿಗೆ ಇಲಾಖೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಉತ್ತರಿಸಬೇಕಾದವರು ಅವರೇ. ಆದ್ದರಿಂದ ಶೇ 2 ಕೊಡುವುದೇ ಎಂದು ನಿರ್ಧರಿಸಿದ ಮೇಲೂ, ಕಾರ್ಡ್ ಕೊಡುವ ಮುನ್ನ "ಅದನ್ನೂ ಬಿಲ್ಲಿನಲ್ಲಿ ಹಾಕಿಕೊಡಿ" ಎಂದು ಕೇಳುವುದು ಸರಿ. ಹಾಕುವುದಿಲ್ಲ ಎಂದರೆ ಕಾರ್ಡ್ ಬಿಟ್ಟು ಬೇರೆ ದಾರಿಯಲ್ಲಿ ಕಟ್ಟುವುದೇ ಲೇಸು.

ಕೊಡುವುದು ಲಾಭವೇ?

ಸರ್‌ಚಾರ್ಜ್ ಕೊಟ್ಟು ಕ್ರೆಡಿಟ್ ಕಾರ್ಡ್ ಬಳಸುವುದೆಂದರೆ ಕೆಲವು ವಾರಗಳ ಮಟ್ಟಿಗೆ ಬಡ್ಡಿ ಕೊಟ್ಟು ಸಾಲ ಪಡೆದಂತೆಯೇ. ಆ ಬಡ್ಡಿ ಎಷ್ಟು ಎಂಬುದು ನೀವು ಯಾವ ದಿನ ಕಾರ್ಡ್ ಉಜ್ಜುತ್ತೀರಿ ಎಂಬುದನ್ನು ಅವಲಂಬಿಸಿದೆ. ತಿಂಗಳ ಸ್ಟೇಟ್‌ಮೆಂಟ್ ತಯಾರಾದ ಮರುದಿನ ಕೊಂಡರೆ ಸುಮಾರು 50 ದಿನ ಸಿಗುತ್ತದೆ. ಶೇ 2 ಅನ್ನು ವರ್ಷಕ್ಕೆ ಲೆಕ್ಕ ಹಾಕಿದರೆ ಶೇ 14.6 ಬಡ್ಡಿಯಾಯಿತು. ಸ್ಟೇಟ್‌ಮೆಂಟ್‌ಗೆ ಹಿಂದಿನ ದಿನ ಕೊಂಡರೆ ಸಿಗುವುದು ಸುಮಾರು 20 ದಿನ ಮಾತ್ರ, ಆಗ ಅದೇ ಶೇ 2 ವರ್ಷಕ್ಕೆ ಶೇ 36.5ಕ್ಕೆ ಸಮ. ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಅಥವಾ ಕ್ಯಾಶ್ ಕ್ರೆಡಿಟ್ ಸೌಲಭ್ಯ ಇರುವವರು ತಮ್ಮ ದರವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಡೀಲರ್ ಒಂದು ತಿಂಗಳ ಉದ್ದರಿ ಕೊಡುವುದಾದರೆ ಅದಕ್ಕಿಂತ ಅಗ್ಗದ ಸಾಲ ಇನ್ನೊಂದಿಲ್ಲ.

ರಿವಾರ್ಡ್ ಪಾಯಿಂಟ್‌ಗಳ ಆಸೆಗೆ ಶೇ 2 ಕೊಡುವುದು ಲೆಕ್ಕಕ್ಕೆ ಕೂಡುವುದಿಲ್ಲ, ಏಕೆಂದರೆ ಪಾಯಿಂಟ್‌ಗಳನ್ನು ರೂಪಾಯಿಗೆ ಇಳಿಸಿದರೆ ಅವುಗಳ ಬೆಲೆ ಸಾಮಾನ್ಯವಾಗಿ ಖರ್ಚಿನ ಶೇ 1ಕ್ಕಿಂತ ಕೆಳಗೇ ಇರುತ್ತದೆ.

ನಿಜವಾದ ಅಪಾಯ ಇರುವುದು ಗಡುವಿನೊಳಗೆ ಪೂರ್ತಿ ಹಣ ಕಟ್ಟಲಾಗದಿದ್ದಾಗ. ಕಾಮಗಾರಿಯ ಬಿಲ್ ಮಂಜೂರಾಗಿ ಬಂದ ಮೇಲೆ ಕಟ್ಟಿದರಾಯಿತು ಎಂದುಕೊಂಡಿದ್ದ ಗುತ್ತಿಗೆದಾರರಿಗೆ ಆ ಹಣ ತಡವಾಗಿ, ಅವರು ಕಾರ್ಡ್‌ಗೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ, ಕೊಂಡ ದಿನದಿಂದಲೇ ಬಡ್ಡಿ ಲೆಕ್ಕ ಶುರುವಾಗುತ್ತದೆ. ತಿಂಗಳಿಗೆ ಶೇ 3.5 ಬಡ್ಡಿಯ ಕಾರ್ಡ್ ಆಗಿದ್ದರೆ 1,20,784 ರೂಪಾಯಿ ಪೂರ್ತಿ ಉಳಿದ ಒಂದು ತಿಂಗಳಿಗೆ ಸುಮಾರು 4,227 ರೂಪಾಯಿ ಬಡ್ಡಿ, ಆ ಬಡ್ಡಿಯ ಮೇಲೂ ಶೇ 18 ಜಿಎಸ್‌ಟಿ, ಒಟ್ಟು 5,000 ರೂಪಾಯಿಗೆ ಹತ್ತಿರ. ಬಾಕಿ ಉಳಿದಿರುವವರೆಗೆ ಹೊಸ ಖರೀದಿಗಳಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಶೇ 2 ಸರ್‌ಚಾರ್ಜ್ ಇದರ ಮುಂದೆ ಸಣ್ಣದು.

ಯುಪಿಐನಲ್ಲಿ ಕ್ರೆಡಿಟ್ ಕಾರ್ಡ್: ಹೊಸ ಗೊಂದಲ

2022ರ ಸೆಪ್ಟೆಂಬರ್‌ನಿಂದ ರುಪೇ ಕ್ರೆಡಿಟ್ ಕಾರ್ಡ್ ಅನ್ನು ಯುಪಿಐ ಆ್ಯಪ್‌ಗೆ ಜೋಡಿಸಿ ಕ್ಯೂಆರ್ ಸ್ಕ್ಯಾನ್ ಮಾಡಿ ಕಟ್ಟುವ ವ್ಯವಸ್ಥೆ ಬಂದಿದೆ. ಸ್ಕ್ಯಾನ್ ಮಾಡುವ ಬಗೆ ಒಂದೇ ಆದರೂ ಒಳಗೆ ಹರಿಯುವುದು ಕ್ರೆಡಿಟ್ ಕಾರ್ಡ್‌ನ ಸಾಲದ ಹಣ. ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗಿನ ಇಂಥ ಪಾವತಿಗೆ ಶುಲ್ಕವಿಲ್ಲ, ಅದಕ್ಕಿಂತ ಮೇಲಿನದ್ದಕ್ಕೆ ಎಂಡಿಆರ್ ಅನ್ವಯಿಸುತ್ತದೆ. "ಯುಪಿಐಗೆ ಚಾರ್ಜ್ ಇಲ್ಲವಲ್ಲ" ಎಂದು ಗ್ರಾಹಕರು, "ನನಗೆ ಕಡಿಮೆ ಬಂದಿದೆಯಲ್ಲ" ಎಂದು ಅಂಗಡಿಯವರು ವಾದಿಸುವಾಗ ಇಬ್ಬರ ಮಾತೂ ತಂತಮ್ಮ ಮಟ್ಟಿಗೆ ನಿಜವೇ. ದೊಡ್ಡ ಬಿಲ್ಲನ್ನು ಸ್ಕ್ಯಾನ್ ಮಾಡುವ ಮುನ್ನ ಹಣ ಖಾತೆಯಿಂದ ಹೋಗುತ್ತದೋ ಕಾರ್ಡ್‌ನಿಂದ ಹೋಗುತ್ತದೋ ಎಂದು ತಿಳಿಸಿದರೆ ಈ ಜಗಳವೇ ಇರುವುದಿಲ್ಲ.

ಮಷಿನ್ ಇಲ್ಲದವರಿಗೆ ಕಾರ್ಡ್‌ನಿಂದ ಕಟ್ಟುವುದು

ಕಾರ್ಡ್ ಸ್ವೀಕರಿಸದ ಪೂರೈಕೆದಾರರಿಗೂ ಕಾರ್ಡ್‌ನಿಂದ ಹಣ ಕಳಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿ ಸೇವೆಗಳು ಹುಟ್ಟಿಕೊಂಡಿದ್ದವು. ಅವರು ಕಾರ್ಡ್‌ನಿಂದ ಹಣ ಪಡೆದು, ಶುಲ್ಕ ಮುರಿದುಕೊಂಡು, ಉಳಿದದ್ದನ್ನು ಪೂರೈಕೆದಾರರ ಖಾತೆಗೆ ಹಾಕುತ್ತಿದ್ದರು. ಇಂಥ ಒಂದು ಏರ್ಪಾಟಿಗೆ ಪಾವತಿ ವ್ಯವಸ್ಥೆಗಳ ಕಾಯ್ದೆಯಡಿ ಬೇಕಾದ ಅನುಮತಿ ಇಲ್ಲ, ಹಣ ಪಡೆಯುವವರ ಗುರುತಿನ ಪರಿಶೀಲನೆಯೂ ಸರಿಯಾಗಿಲ್ಲ ಎಂಬ ಕಾರಣಕ್ಕೆ ರಿಸರ್ವ್ ಬ್ಯಾಂಕ್ 2024ರ ಫೆಬ್ರುವರಿಯಲ್ಲಿ ಒಂದು ಕಾರ್ಡ್ ಜಾಲಕ್ಕೆ ಅದನ್ನು ನಿಲ್ಲಿಸಲು ಸೂಚಿಸಿತು. ಸರಕೇ ಇಲ್ಲದೆ ಪರಿಚಿತರ ಅಂಗಡಿಯಲ್ಲಿ ಕಾರ್ಡ್ ಉಜ್ಜಿ, ಎರಡು ಮೂರು ಪರ್ಸೆಂಟ್ ಬಿಟ್ಟುಕೊಟ್ಟು ನಗದು ಪಡೆಯುವುದಂತೂ ಕಾರ್ಡ್‌ನ ಷರತ್ತುಗಳಿಗೆ ನೇರವಾಗಿ ವಿರುದ್ಧ. ಅದಕ್ಕೆಂದು ಸುಳ್ಳು ಇನ್‌ವಾಯ್ಸ್ ಸೃಷ್ಟಿಸಿದರೆ ಜಿಎಸ್‌ಟಿ ಕಾಯ್ದೆಯಡಿ ಅಪರಾಧ.

ಶುಲ್ಕವಿಲ್ಲದ ದಾರಿಗಳು

5 ಲಕ್ಷ ರೂಪಾಯಿಯ ಇನ್‌ವಾಯ್ಸ್ ಅನ್ನು ಶೇ 2 ಸರ್‌ಚಾರ್ಜ್ ಕೊಟ್ಟು ಕಾರ್ಡ್‌ನಲ್ಲಿ ಕಟ್ಟಿದರೆ 10,000 ರೂಪಾಯಿ ಹೆಚ್ಚು. ಅದನ್ನೇ ಖಾತೆಯಿಂದ ಖಾತೆಗೆ ಆರ್‌ಟಿಜಿಎಸ್ ಮೂಲಕ ಕಳಿಸಿದರೆ ಬ್ಯಾಂಕ್ ಪಡೆಯಬಹುದಾದ ಗರಿಷ್ಠ ಶುಲ್ಕ, ತೆರಿಗೆ ಬಿಟ್ಟು, 24 ರೂಪಾಯಿ 50 ಪೈಸೆ. ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುವುದರಿಂದ ಬ್ಯಾಂಕ್ ವೇಳೆಗೆ ಕಾಯಬೇಕಾಗಿಯೂ ಇಲ್ಲ. ಆರ್‌ಟಿಜಿಎಸ್‌ಗೆ ಕನಿಷ್ಠ ಮೊತ್ತ 2 ಲಕ್ಷ, ಅದಕ್ಕಿಂತ ಕಡಿಮೆಯದನ್ನು ಎನ್‌ಇಎಫ್‌ಟಿಯಲ್ಲಿ ಕಳಿಸಬಹುದು.

ಮಾರುವವರಿಗೂ ಒಂದು ನೇರ ದಾರಿ ಇದೆ. ಕಾರ್ಡ್ ಖರ್ಚನ್ನು ಬೆಲೆಯಲ್ಲೇ ಸೇರಿಸಿಟ್ಟು, ಬ್ಯಾಂಕ್ ವರ್ಗಾವಣೆಯಲ್ಲಿ ಕಟ್ಟುವವರಿಗೆ ರಿಯಾಯಿತಿ ಕೊಟ್ಟು ಅದನ್ನು ಇನ್‌ವಾಯ್ಸ್‌ನಲ್ಲೇ ತೋರಿಸಿದರೆ, ರಿಯಾಯಿತಿ ಕಳೆದು ಉಳಿದ ಮೊತ್ತಕ್ಕಷ್ಟೇ ಜಿಎಸ್‌ಟಿ ಬೀಳುತ್ತದೆ. ಕೊಳ್ಳುವವರೂ ಮೊದಲ ಮಾತಿನಲ್ಲೇ "ಆರ್‌ಟಿಜಿಎಸ್ ಮಾಡಿದರೆ ಎಷ್ಟು ಬಿಡುತ್ತೀರಿ" ಎಂದು ಕೇಳಬಹುದು. ಕಾರ್ಡ್‌ಗೆ ಹೋಗುತ್ತಿದ್ದ ಶೇ 2ರಲ್ಲಿ ಅರ್ಧವನ್ನಾದರೂ ಬಿಟ್ಟುಕೊಡಲು ಅನೇಕ ವ್ಯಾಪಾರಿಗಳು ಒಪ್ಪುತ್ತಾರೆ.

ದೂರು ಕೊಡಬೇಕಾಗಿ ಬಂದರೆ

ಚಾರ್ಜ್ ಸ್ಲಿಪ್ ಅನ್ನು ಜೋಪಾನ ಮಾಡಿಡಬೇಕು. ಅದರ ತಲೆಯಲ್ಲಿ ಸಾಮಾನ್ಯವಾಗಿ ಮಷಿನ್ ಕೊಟ್ಟ ಬ್ಯಾಂಕಿನ ಹೆಸರು, ಅದರ ಕೆಳಗೆ ಎಂಐಡಿ ಮತ್ತು ಟಿಐಡಿ ಎಂದು ಆರಂಭವಾಗುವ ಎರಡು ಸಂಖ್ಯೆಗಳು ಇರುತ್ತವೆ. ಮೊದಲನೆಯದು ಅಂಗಡಿಯ ಗುರುತು, ಎರಡನೆಯದು ಆ ಮಷಿನ್ನಿನ ಗುರುತು. ಉಷ್ಣದಿಂದ ಅಚ್ಚಾಗುವ ಈ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುವುದರಿಂದ ಅಂದೇ ಒಂದು ಫೋಟೊ ತೆಗೆದಿಡುವುದು ಒಳ್ಳೆಯದು. ಸ್ಲಿಪ್ ಮತ್ತು ಇನ್‌ವಾಯ್ಸ್ ಎರಡನ್ನೂ ಲಗತ್ತಿಸಿ, ಸ್ಲಿಪ್ಪಿನ ಮೇಲಿರುವ ಬ್ಯಾಂಕಿಗೂ ನಿಮ್ಮ ಕಾರ್ಡ್‌ನ ಬ್ಯಾಂಕಿಗೂ ಲಿಖಿತ ದೂರು ಕೊಡಬೇಕು. ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಮೊರೆ ಹೋಗಬಹುದು, ಅದರ ಮಾಹಿತಿ 14448 ಸಂಖ್ಯೆಯಲ್ಲಿ ಸಿಗುತ್ತದೆ. ಒಂಬುಡ್ಸ್‌ಮನ್ ವಿಚಾರಿಸುವುದು ಬ್ಯಾಂಕಿನ ಸೇವೆಯ ಲೋಪವನ್ನು; ಅಂಗಡಿಯವರ ನಡವಳಿಕೆಯ ಬಗ್ಗೆ 1915 ಗ್ರಾಹಕ ಸಹಾಯವಾಣಿ ಮತ್ತು ಜಿಲ್ಲಾ ಗ್ರಾಹಕ ಆಯೋಗ ಇವೆ.

ಆದರೆ ವ್ಯಾಪಾರದ ಇನ್‌ವಾಯ್ಸ್ ಎಂದಾಗ ಒಂದು ಮಿತಿ ಅಡ್ಡ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಸರಕು ಕೊಂಡವರು ಗ್ರಾಹಕರೆನಿಸಿಕೊಳ್ಳುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡು ತಾವೇ ಬಳಸುವವರಿಗೆ ಇದರಲ್ಲಿ ವಿನಾಯಿತಿ ಇದೆ. ಒಬ್ಬರೇ ದುಡಿಯುವ ಎಲೆಕ್ಟ್ರಿಷಿಯನ್ ತನ್ನ ಕೆಲಸಕ್ಕೆ ಕೊಂಡ ಡ್ರಿಲ್ಲಿಂಗ್ ಮಷಿನ್ನಿನ ಬಗ್ಗೆ ಆಯೋಗಕ್ಕೆ ಹೋಗಬಹುದು, ಅಂಗಡಿಯಲ್ಲಿಟ್ಟು ಮಾರಲು ಹತ್ತು ಮಷಿನ್ ಕೊಂಡವರು ಆ ಬಾಗಿಲು ತಟ್ಟಲಾಗದು. ಅಂಥವರಿಗೆ ಉಳಿಯುವುದು ಬ್ಯಾಂಕಿಗೆ ಕೊಡುವ ದೂರು, ಮತ್ತು ಕಾರ್ಡ್ ಕೊಡುವ ಮುನ್ನವೇ ಬಿಲ್ಲಿನಲ್ಲಿ ಬರೆಸಿಕೊಂಡ ಆ ಒಂದು ಸಾಲು.